ದತ್ತಾತ್ರೇಯ ಕಪ್ಪೆ, ಕರ್ನಾಟಕ ಕಪ್ಪೆ: ಹೆಚ್ಚು ಅಪಾಯದಲ್ಲಿರುವುದಕ್ಕೇ ಕಡಿಮೆ ರಕ್ಷಣೆ ಯಾಕೆ?

ಚಿಕ್ಕಮಗಳೂರು ಜಿಲ್ಲೆಯ ಎರಡು ಬೆಟ್ಟಸಾಲುಗಳಲ್ಲಿ ಒಂದೇ ಕುಲದ ಎರಡು ಕಪ್ಪೆಗಳಿವೆ. ಒಂದು ರಾಷ್ಟ್ರೀಯ ಉದ್ಯಾನದೊಳಗಿದೆ. ಇನ್ನೊಂದು ಪ್ರವಾಸಿಗರ ಕಾರುಗಳು ಸಾಲುಗಟ್ಟುವ ಗಿರಿಯಲ್ಲಿದೆ. ಕೆಂಪುಪಟ್ಟಿಯಲ್ಲಿ ಯಾವುದರ ಹೆಸರು ಮೇಲಿದೆ ಅನ್ನೋದನ್ನು ನೋಡಿದರೆ, ನಮ್ಮ ಸಂರಕ್ಷಣಾ ನೀತಿಯ ಲೆಕ್ಕ ಎಲ್ಲಿ ತಪ್ಪಿದೆ ಅನ್ನೋದು ಗೊತ್ತಾಗುತ್ತೆ.

ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯ ಊರುಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡಿಸೋದು ನಮಗೆ ಹೊಸದೇನಲ್ಲ. ಕಡೂರು ಸೀಮೆಯವರಿಗೆ ಬರ ಅಂದರೆ ಏನು ಅಂತ ಯಾರೂ ಪಾಠ ಹೇಳಬೇಕಿಲ್ಲ. ಜೈಮಿನಿ ಭಾರತದ ಲಕ್ಷ್ಮೀಶನ ಊರು ಎಂದು ಹೆಸರಾದ ದೇವನೂರಿನಲ್ಲಿ ನಿಂತು ಪಶ್ಚಿಮಕ್ಕೆ ಮುಖ ಮಾಡಿದರೆ, ಆ ದಿಕ್ಕಿನಲ್ಲಿರೋದು ಚಂದ್ರದ್ರೋಣ ಪರ್ವತ, ಅಂದರೆ ಬಾಬಾಬುಡನ್‌ಗಿರಿ ಸಾಲು. ಮೋಡ ಬರೋದನ್ನು ಬಯಲಿನ ಜನ ಆ ಕಡೆ ನೋಡಿಕೊಂಡೇ ಕಾಯುತ್ತಾರೆ. ಆ ಸಾಲಿನ ಒಂದು ತೊರೆಯಲ್ಲಿ, ಕಲ್ಲಿನ ಸಂದಿಯಲ್ಲಿ, ಒಂದು ಕಂದು ಬಣ್ಣದ ಕಪ್ಪೆ ಕೂತಿದೆ. ಅದಕ್ಕೆ ಯಾರೂ ಮದುವೆ ಮಾಡಿಲ್ಲ. ಅದರ ಹೆಸರು ಕೇಳಿದವರೂ ಜಿಲ್ಲೆಯಲ್ಲಿ ಕಡಿಮೆ.

ಅದರ ವೈಜ್ಞಾನಿಕ ಹೆಸರು ನಿಕ್ಟಿಬ್ಯಾಟ್ರಾಕಸ್ ದತ್ತಾತ್ರೇಯೆನ್ಸಿಸ್. ಸರಳವಾಗಿ ದತ್ತಾತ್ರೇಯ ಇರುಳುಗಪ್ಪೆ ಅನ್ನೋಣ. ಅದೇ ಜಿಲ್ಲೆಯ ಕುದುರೆಮುಖದ ಕಾಡಿನಲ್ಲಿ ಅದರ ದಾಯಾದಿ ಇದೆ: ನಿಕ್ಟಿಬ್ಯಾಟ್ರಾಕಸ್ ಕರ್ನಾಟಕೆನ್ಸಿಸ್. ರಾಜ್ಯದ ಹೆಸರನ್ನೇ ಹೊತ್ತ ಕರ್ನಾಟಕ ಇರುಳುಗಪ್ಪೆ. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡೋದು ಕಪ್ಪೆಪ್ರಿಯರ ಹವ್ಯಾಸಕ್ಕೆ ಮಾತ್ರ ಬಿಟ್ಟ ಕೆಲಸ ಅಲ್ಲ. ಇದರಲ್ಲಿ ರಾಜಕೀಯ ಇದೆ, ಕಾನೂನು ಇದೆ, ಬಯಲಿನವರ ನೀರಿನ ಪ್ರಶ್ನೆಯೂ ಇದೆ.

ಒಂದೇ ಕುಲ, ಎರಡು ಬೆಟ್ಟ

ಇರುಳುಗಪ್ಪೆಗಳ ಕುಲ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಸುಮಾರು ಏಳೆಂಟು ಕೋಟಿ ವರ್ಷಗಳ ಹಿಂದೆಯೇ ಉಳಿದ ಕಪ್ಪೆಗಳಿಂದ ಕವಲೊಡೆದ ವಂಶ ಇದು. ಡೈನೋಸಾರ್‌ಗಳು ಬದುಕಿದ್ದ ಕಾಲ ಅದು. ಚರ್ಮದ ಮೇಲೆ ಸುಕ್ಕುಗಳಿರೋದರಿಂದ ಇವನ್ನು ಸುಕ್ಕುಗಪ್ಪೆ ಅಂತಲೂ ಕರೀತಾರೆ. ಹಗಲು ಕಲ್ಲಿನಡಿ ಅಡಗಿ, ರಾತ್ರಿ ತೊರೆಯಂಚಿಗೆ ಬಂದು ಕೂಗುತ್ತವೆ. ಹೆಚ್ಚಿನವು ಮೊಟ್ಟೆ ಇಡೋದು ಹರಿಯುವ ನೀರಿನ ಮೇಲೆ ಚಾಚಿಕೊಂಡ ಎಲೆ ಅಥವಾ ಬಂಡೆಯ ಮೇಲೆ. ಮೊಟ್ಟೆಯೊಡೆದ ಗೊದಮೊಟ್ಟೆ ಕೆಳಗಿನ ನೀರಿಗೆ ಬೀಳಬೇಕು. ಅಂದರೆ ಮೇಲೆ ನೆರಳು ಬೇಕು, ಕೆಳಗೆ ನೀರು ಬೇಕು, ಆ ನೀರು ತಿಳಿಯಾಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಆ ವರ್ಷದ ಸಂತಾನ ಇಲ್ಲ.

ಕರ್ನಾಟಕ ಇರುಳುಗಪ್ಪೆ ಈ ಕುಲದ ದೈತ್ಯ. ಎಂಟು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತೆ. ದೈತ್ಯ ಅಂದರೆ ನಗು ಬರಬಹುದು. ಆದರೆ 2017ರಲ್ಲಿ ಇದೇ ಕುಲದ ನಾಲ್ಕು ಹೊಸ ಪ್ರಭೇದಗಳನ್ನು ಕೇರಳ-ತಮಿಳುನಾಡಿನ ಘಟ್ಟಗಳಿಂದ ವರದಿ ಮಾಡಿದಾಗ ಅವು ಹೆಬ್ಬೆರಳಿನ ಉಗುರಿನ ಮೇಲೆ ಕೂರುವಷ್ಟು ಚಿಕ್ಕವಾಗಿದ್ದವು. ದತ್ತಾತ್ರೇಯ ಇರುಳುಗಪ್ಪೆ ಈ ಎರಡರ ನಡುವಿನದು, ಮಧ್ಯಮ ಗಾತ್ರ.

ದತ್ತಾತ್ರೇಯ ಇರುಳುಗಪ್ಪೆಯನ್ನು 2008ರಲ್ಲಿ ಕೆ.ಪಿ. ದಿನೇಶ್, ಸಿ. ರಾಧಾಕೃಷ್ಣನ್ ಮತ್ತು ಗೋಪಾಲಕೃಷ್ಣ ಭಟ್ಟ ಅವರು 'ಝೂಟ್ಯಾಕ್ಸಾ' ಎಂಬ ಸಂಶೋಧನಾ ಪತ್ರಿಕೆಯಲ್ಲಿ ವಿವರಿಸಿದರು. ಆ ಪ್ರಬಂಧದ ಶೀರ್ಷಿಕೆಯಲ್ಲೇ ಒಂದು ಪದ ಇದೆ: ಭದ್ರಾ ವನ್ಯಜೀವಿಧಾಮದ 'ಸುತ್ತಮುತ್ತ'ಲಿನಿಂದ ಸಿಕ್ಕ ಹೊಸ ಕಪ್ಪೆ ಅಂತ. ಈ 'ಸುತ್ತಮುತ್ತ' ಅನ್ನೋದನ್ನು ನೆನಪಿಟ್ಟುಕೊಳ್ಳಿ. ಈ ಕಪ್ಪೆಯ ಹಣೆಬರಹವೆಲ್ಲ ಆ ಪದದಲ್ಲೇ ಇದೆ. ಅಭಯಾರಣ್ಯದ ಒಳಗೆ ಅಲ್ಲ, ಸುತ್ತಮುತ್ತ.

ಹೆಸರು ಇಲ್ಲದಿದ್ದರೆ ಹಕ್ಕೂ ಇಲ್ಲ

ಈ ಜಿಲ್ಲೆಗೂ ಕಪ್ಪೆ ವಿಜ್ಞಾನಕ್ಕೂ ಇರುವ ನಂಟು ಇಂದಿನದಲ್ಲ. 1947ರವರೆಗೂ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾವ್ 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ದೊಡ್ಡದೊಂದು ಪ್ರಬಂಧ ಬರೆದರು. ಅದರಲ್ಲಿ ಹಲವು ಕಪ್ಪೆಗಳ ಮೂಲಸ್ಥಳ 'ಕೊಟ್ಟಿಗೆಹಾರ, ಕಡೂರು ಜಿಲ್ಲೆ, ಮೈಸೂರು ಸಂಸ್ಥಾನ' ಎಂದಿದೆ. ನೀರುದೋಸೆಗೆ ಹೆಸರಾದ ಕೊಟ್ಟಿಗೆಹಾರ ಕಪ್ಪೆ ವಿಜ್ಞಾನಿಗಳಿಗೆ ಇಂದಿಗೂ ಒಂದು ತೀರ್ಥಕ್ಷೇತ್ರ. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಇದೇ ರಾಯರು.

ಆದರೆ ರಾಯರು ಸೆಂಟ್ರಲ್ ಕಾಲೇಜಿನಲ್ಲಿ ಇಟ್ಟಿದ್ದ ಮೂಲ ಮಾದರಿಗಳು ಕಳೆದುಹೋದವು. ಮೂಲ ಮಾದರಿ ಅಂದರೆ ಒಂದು ಪ್ರಭೇದದ ಜನನಪ್ರಮಾಣಪತ್ರ ಇದ್ದಂತೆ. ಅದು ಕಳೆದರೆ, ಈಗ ಕಾಡಿನಲ್ಲಿ ಸಿಕ್ಕ ಕಪ್ಪೆ ರಾಯರು ಹೇಳಿದ್ದೇನಾ ಬೇರೆಯದಾ ಅಂತ ತೀರ್ಮಾನಿಸೋದೇ ಕಷ್ಟ. 1920ರಲ್ಲಿ ರಾಯರು ಕೊಡಗಿನ ಜೌಗಿನಿಂದ ವಿವರಿಸಿದ್ದ ಒಂದು ಇರುಳುಗಪ್ಪೆ ಮತ್ತೆ ಸಿಕ್ಕಿದ್ದನ್ನು ವಿಜ್ಞಾನಿಗಳು ವರದಿ ಮಾಡಿದ್ದು 91 ವರ್ಷಗಳ ನಂತರ, 2011ರಲ್ಲಿ.

ಕರ್ನಾಟಕ ಇರುಳುಗಪ್ಪೆಯೂ ಹೆಸರಿನ ಗೋಜಲು ದಾಟಿಯೇ ಬಂದದ್ದು. 2001ರಲ್ಲಿ ಇದಕ್ಕೆ ಹುಸೇನಿ ಅನ್ನುವ ಹೆಸರಿಟ್ಟು ಪ್ರಕಟಿಸಲಾಗಿತ್ತು, ಅದೂ ರಾಯರ 'ಕರೆಂಟ್ ಸೈನ್ಸ್'ನಲ್ಲೇ. ನಾಮಕರಣ ನಿಯಮಗಳ ತಾಂತ್ರಿಕ ಕಾರಣದಿಂದ ಆ ಹೆಸರು ಊರ್ಜಿತವಾಗಲಿಲ್ಲ. 2007ರಲ್ಲಿ ಹೊಸದಾಗಿ ಕರ್ನಾಟಕೆನ್ಸಿಸ್ ಅಂತ ಇಟ್ಟರು. ಅಂದರೆ ಈ ಎರಡೂ ಕಪ್ಪೆಗಳು ಲಕ್ಷಾಂತರ ವರ್ಷಗಳಿಂದ ಇಲ್ಲೇ ಇದ್ದರೂ, ಗಟ್ಟಿಯಾದ ಹೆಸರು ಪಡೆದು ಸರ್ಕಾರಿ ಕಾಗದದಲ್ಲಿ ಕಾಣಿಸಿಕೊಳ್ಳುವ ಅರ್ಹತೆ ಗಳಿಸಿದ್ದು ತೀರಾ ಇತ್ತೀಚೆಗೆ.

ಇದು ಬರೀ ಪಂಡಿತರ ತಕರಾರಲ್ಲ. ನಮ್ಮ ದೇಶದಲ್ಲಿ ಸಾಲಮ್ಯಾಂಡರ್ ಅನ್ನೋ ಬಾಲವಿರುವ ಉಭಯವಾಸಿ ಇರೋದು ಡಾರ್ಜಿಲಿಂಗ್ ಕಡೆಯ ಹಿಮಾಲಯದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿ ಬಹುಕಾಲ ಅದರ ಹೆಸರಿತ್ತು: ಟೈಲೋಟೊಟ್ರೈಟಾನ್ ವೆರುಕೋಸಸ್. ಆ ಹೆಸರು ಮೂಲತಃ ಚೀನಾದ ಯುನ್ನಾನ್‌ನ ಪ್ರಾಣಿಗೆ ಇಟ್ಟದ್ದು. ಪೂರ್ವ ಹಿಮಾಲಯದ್ದು ಬೇರೆಯೇ ಪ್ರಭೇದ ಅಂತ 2015ರಲ್ಲಿ ನೇಪಾಳದ ಮಾದರಿಗಳನ್ನಿಟ್ಟುಕೊಂಡು ವಿಜ್ಞಾನಿಗಳು ತೋರಿಸಿ, ಅದಕ್ಕೆ ಹಿಮಾಲಯಾನಸ್ ಅನ್ನೋ ಹೆಸರು ಕೊಟ್ಟರು. ಒಂದು ಅಂದುಕೊಂಡದ್ದು ಎರಡಾದ ಕೂಡಲೇ ಎರಡು ಪ್ರಶ್ನೆ ಏಳುತ್ತವೆ. ಕಾಯ್ದೆಯಲ್ಲಿರುವ ಹೆಸರು ಈಗ ಯಾರದ್ದು? ಹಂಚಿಕೊಂಡ ಮೇಲೆ ಪ್ರತಿಯೊಂದರ ಪಾಲಿಗೆ ಉಳಿದ ಜಾಗ ಎಷ್ಟು? ಎರಡನೆಯ ಪ್ರಶ್ನೆಯೇ ನಮ್ಮ ಕಪ್ಪೆಗಳಿಗೂ ಅನ್ವಯಿಸೋದು.

ಪಟ್ಟಿ ಏನು ಹೇಳುತ್ತೆ, ಏನು ಮಾಡಲ್ಲ

ಪ್ರಾಣಿ-ಸಸ್ಯಗಳ ಅಳಿವಿನ ಅಪಾಯ ಅಳೆಯಲು ಜಗತ್ತು ನೋಡೋದು ಐಯುಸಿಎನ್ ಸಂಸ್ಥೆಯ ಕೆಂಪುಪಟ್ಟಿಯನ್ನು. 2004ರ ಮೌಲ್ಯಮಾಪನದಲ್ಲಿ ಕುದುರೆಮುಖದ ಕಪ್ಪೆ, ಅದರ ಹಳೆಯ ಹುಸೇನಿ ಹೆಸರಿನಲ್ಲೇ, 'ಅಪಾಯದಲ್ಲಿರುವ' ವರ್ಗದಲ್ಲಿ ಸೇರಿತು. ದತ್ತಾತ್ರೇಯ ಕಪ್ಪೆಯದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಸ್ಥಿತಿ: 'ತೀವ್ರ ಅಪಾಯದಲ್ಲಿರುವ' ವರ್ಗ. ಅದನ್ನು ದಾಟಿದರೆ ಮುಂದಿರೋದು ಕಾಡಿನಿಂದಲೇ ಕಣ್ಮರೆ. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ತೀವ್ರ ಅಪಾಯದಲ್ಲಿರುವ ಭಾರತದ ಪ್ರಾಣಿಗಳ ಬಗ್ಗೆ ಒಂದು ಪುಸ್ತಿಕೆ ತಂದಾಗ ಅದರಲ್ಲಿ ದತ್ತಾತ್ರೇಯ ಇರುಳುಗಪ್ಪೆ ಇತ್ತು. ಕೊಟ್ಟಿಗೆಹಾರದ ಹೆಸರಿನ ಮತ್ತೊಂದು ಕಪ್ಪೆಯೂ ಇತ್ತು. ಒಂದೇ ಜಿಲ್ಲೆಯ ಎರಡು ಊರುಗಳ ಹೆಸರು ದೇಶದ ಅಳಿವಿನಂಚಿನ ಪಟ್ಟಿಯಲ್ಲಿ!

ಈ ವರ್ಗಗಳು ಬರೋದು ಹೇಗೆ? ಇಂಥ ಸಣ್ಣ ಪ್ರಾಣಿಗಳ ತಲೆ ಎಣಿಸೋದು ಕಷ್ಟ. ಹಾಗಾಗಿ ಭೂಗೋಳದ ಲೆಕ್ಕ ಹಾಕುತ್ತಾರೆ. ಪ್ರಾಣಿ ಹರಡಿರುವ ವ್ಯಾಪ್ತಿ 5,000 ಚದರ ಕಿಲೋಮೀಟರ್‌ಗಿಂತ ಕಡಿಮೆಯಿದ್ದು, ಐದಕ್ಕಿಂತ ಹೆಚ್ಚು ನೆಲೆಗಳಿಲ್ಲದೆ, ಆವಾಸ ಹಾಳಾಗುತ್ತಲೇ ಇದ್ದರೆ 'ಅಪಾಯ'. ವ್ಯಾಪ್ತಿ 100 ಚದರ ಕಿಲೋಮೀಟರ್‌ಗಿಂತ ಕಡಿಮೆಯಿದ್ದು ಒಂದೇ ನೆಲೆ ಇದ್ದರೆ 'ತೀವ್ರ ಅಪಾಯ'. ನೂರು ಚದರ ಕಿಲೋಮೀಟರ್ ಅಂದರೆ ಹತ್ತು ಕಿಲೋಮೀಟರ್ ಉದ್ದ, ಹತ್ತು ಕಿಲೋಮೀಟರ್ ಅಗಲ. ಬೈಕಿನಲ್ಲಿ ಅರ್ಧ ಗಂಟೆಯೊಳಗೆ ದಾಟಿಬಿಡಬಹುದು.

ಇಲ್ಲೊಂದು ಪ್ರಾಮಾಣಿಕ ಆಕ್ಷೇಪ ಇದೆ. ಹುಡುಕಿದ್ದು ಕಡಿಮೆ, ಹಾಗಾಗಿ ಸಿಕ್ಕಿದ್ದೂ ಕಡಿಮೆ. ಪಕ್ಕದ ಕಣಿವೆಗಳಲ್ಲಿ ಹುಡುಕಿದರೆ ಇನ್ನೂ ಸಿಗಬಹುದಲ್ಲ? ಸಿಗಬಹುದು. ಕೊಡಗಿನದ್ದು 91 ವರ್ಷದ ನಂತರ ಸಿಕ್ಕಿತಲ್ಲ. ಆದರೆ ಆ ವಾದ ಹುಡುಕೋದಕ್ಕೆ ಕಾರಣವಾಗಬೇಕೇ ಹೊರತು ಕೈಕಟ್ಟಿ ಕೂರೋದಕ್ಕೆ ನೆಪ ಆಗಬಾರದು. ಹುಡುಕುವ ಮೊದಲೇ ತೊರೆ ಬತ್ತಿದರೆ, ಅಲ್ಲಿ ಕಪ್ಪೆ ಇತ್ತೋ ಇಲ್ಲವೋ ಅಂತ ಹೇಳೋರೂ ಇರಲ್ಲ.

ಇನ್ನೊಂದು ವಿಷಯ. ಕೆಂಪುಪಟ್ಟಿಗೆ ಭಾರತದಲ್ಲಿ ಕಾನೂನಿನ ಬಲ ಇಲ್ಲ. ಅದು ಜ್ವರ ಎಷ್ಟಿದೆ ಅಂತ ಹೇಳುವ ಥರ್ಮಾಮೀಟರ್, ಔಷಧಿಯಲ್ಲ. ಔಷಧಿ ಇರೋದು ನಮ್ಮ ಕಾಯ್ದೆಗಳಲ್ಲಿ. ಬೇಟೆಯಾಡಬಾರದು, ಹಿಡಿಯಬಾರದು ಅನ್ನುವ ನಿಯಮ ಹುಲಿಗೆ, ಕೃಷ್ಣಮೃಗಕ್ಕೆ ನೆರವಾಗುತ್ತೆ. ಇರುಳುಗಪ್ಪೆಯನ್ನು ಕೋವಿ ಹಿಡಿದು ಕೊಲ್ಲೋರು ಯಾರೂ ಇಲ್ಲ. ಅದನ್ನು ಕೊಲ್ಲೋದು ಹೂಳು, ಸೋಪಿನ ನೊರೆ, ಕೀಟನಾಶಕ, ಬೇಸಿಗೆಯಲ್ಲಿ ತೊರೆಯ ತಲೆಗೇ ಹಾಕಿದ ಪೈಪು. ಆದ್ದರಿಂದ ಅದಕ್ಕೆ ಬೇಕಾದ್ದು ಜಾಗದ ರಕ್ಷಣೆ.

ಕುದುರೆಮುಖಕ್ಕೆ ಸಿಕ್ಕಿದ್ದು, ಮತ್ತು ಅದರ ಬೆಲೆ

ಜಾಗದ ರಕ್ಷಣೆಯ ಲೆಕ್ಕದಲ್ಲಿ ಎರಡು ಕಪ್ಪೆಗಳ ದಾರಿ ಬೇರೆಯಾಗುತ್ತೆ. ಕರ್ನಾಟಕ ಇರುಳುಗಪ್ಪೆಯ ಮುಖ್ಯ ನೆಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸುಮಾರು 600 ಚದರ ಕಿಲೋಮೀಟರ್. ಅಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯಿತು. ಭದ್ರೆಗೆ ಕೆಂಪು ಹೂಳು ಇಳಿಯಿತು. ಹೋರಾಟಗಾರರು ಸುಪ್ರೀಂ ಕೋರ್ಟ್ ತನಕ ಹೋದರು. 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ತೊರೆಯ ಕಪ್ಪೆಗೆ ಹೂಳು ನಿಲ್ಲೋದಕ್ಕಿಂತ ದೊಡ್ಡ ವರ ಇನ್ನೇನಿದೆ?

ಆದರೆ ಈ ಕತೆಯನ್ನು ಬರೀ ಗೆಲುವಿನ ಕತೆಯಾಗಿ ಹೇಳಿದರೆ ಅರ್ಧ ಸತ್ಯ ಆಗುತ್ತೆ. ಗಣಿ ಕಂಪನಿ ಕೆಲಸ ಮುಗಿಸಿ ಹೊರಟಿತು. ಉದ್ಯಾನದೊಳಗಿನ ಮಲೆಕುಡಿಯರು, ಗೌಡಲು ಜನ, ಸಣ್ಣ ರೈತರು ಒಕ್ಕಲೆಬ್ಬಿಸುವಿಕೆಯ ಭಯದಲ್ಲಿ ವರ್ಷಗಟ್ಟಲೆ ಬದುಕಿದರು. ಅಭಯಾರಣ್ಯ ಅಂದರೆ ನಮ್ಮನ್ನು ಹೊರಹಾಕೋದು ಅನ್ನುವ ಭಾವನೆ ಮಲೆನಾಡಿನಲ್ಲಿ ಬೇರೂರಿದ್ದು ಹೀಗೆ. ಆ ಭಯಕ್ಕೆ ಕಾರಣ ಇದೆ. ಅದನ್ನು 'ಪರಿಸರ ವಿರೋಧಿ' ಅಂತ ತಳ್ಳಿಹಾಕುವ ನಗರದ ಮಾತು ಕಪ್ಪೆಗಾಗಲೀ ಕಾಡಿಗಾಗಲೀ ಉಪಕಾರ ಮಾಡಿಲ್ಲ.

ಗಿರಿಯಲ್ಲಿ ಎಲ್ಲರಿಗೂ ಜಾಗ ಇದೆ, ತೊರೆಯೊಂದನ್ನು ಬಿಟ್ಟು

ಈಗ ಬಾಬಾಬುಡನ್‌ಗಿರಿಗೆ ಬನ್ನಿ. ತೀವ್ರ ಅಪಾಯದಲ್ಲಿರುವ ಕಪ್ಪೆಯ ಬೆಟ್ಟ ಇದು. ಕೆಲಭಾಗ ಮೀಸಲು ಅರಣ್ಯ, ಕೆಲಭಾಗ ಕಂದಾಯ ಭೂಮಿ, ಕೆಲಭಾಗ ಕಾಫಿ ತೋಟ. ಪಕ್ಕದ ಭದ್ರಾ 1998ರಿಂದ ಹುಲಿ ಯೋಜನೆಯ ಪ್ರದೇಶ. ಅದರ ಗಡಿ ಮುಗಿಯುವಲ್ಲಿ ಅಂಥ ಬಿಗಿ ರಕ್ಷಣೆಯೂ ಮುಗಿಯುತ್ತೆ. 'ಸುತ್ತಮುತ್ತ' ಅನ್ನೋ ಪದದ ಅರ್ಥ ಈಗ ಆಯಿತಲ್ಲ?

ವಾರಾಂತ್ಯದಲ್ಲಿ ಈ ದಾರಿಯಲ್ಲಿ ಹೋದವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ಬೆಂಗಳೂರಿನಿಂದ ಬಂದ ಕಾರುಗಳ ಸಾಲು, ತೊರೆ ಪಕ್ಕ ಬಿಟ್ಟುಹೋದ ಬಾಟಲಿ, ರಸ್ತೆ ಅಗಲಿಸಲು ಕಡಿದ ದರೆ, ಮಳೆ ಬಂದಾಗ ಆ ದರೆ ಕುಸಿದು ಹಳ್ಳ ಸೇರುವ ಮಣ್ಣು. ಪರಿಸ್ಥಿತಿ ಕೈಮೀರಿ 2025ರಲ್ಲಿ ಜಿಲ್ಲಾಡಳಿತ ಗಿರಿಗೆ ಹೋಗುವ ವಾಹನಗಳಿಗೆ ಆನ್‌ಲೈನ್ ನೋಂದಣಿ ತಂದು ಸಂಖ್ಯೆಗೆ ಮಿತಿ ಹಾಕಿತು. ಒಳ್ಳೆಯ ಹೆಜ್ಜೆಯೇ. ಆದರೆ ಅದು ಸಂಚಾರ ದಟ್ಟಣೆಯ ಲೆಕ್ಕ. ತೊರೆಗಳು ಎಷ್ಟು ಭಾರ ತಡೆದಾವು ಅನ್ನೋದು ಬೇರೆಯದೇ ಲೆಕ್ಕ, ಅದನ್ನು ಹಾಕಬೇಕಿದೆ.

ಈ ಗಿರಿ ಸುದ್ದಿಯಾಗೋದು ಹೆಚ್ಚಾಗಿ ಡಿಸೆಂಬರ್‌ನಲ್ಲಿ. ದತ್ತ ಜಯಂತಿ ಬಂದರೆ ಪೊಲೀಸ್ ಬಂದೋಬಸ್ತ್, ಚೆಕ್‌ಪೋಸ್ಟ್, ಟಿವಿ ಕ್ಯಾಮೆರಾ. ದರ್ಗಾನಾ, ಪೀಠಾನಾ ಅನ್ನೋ ವ್ಯಾಜ್ಯ ದಶಕಗಳಿಂದ ನಡೆದಿದೆ. ಎರಡೂ ಧರ್ಮದವರು ನಡೆದುಕೊಳ್ಳುವ ಜಾಗದ ಒಡೆತನದ ಬಗ್ಗೆ ಇಷ್ಟು ಮಾತಾಡಿದ ನಾವು, ಆ ಗುಹೆಯ ಸುತ್ತಲಿನ ನೀರಿನ ಬಗ್ಗೆ ಎಷ್ಟು ಮಾತಾಡಿದ್ದೇವೆ? ದತ್ತಾತ್ರೇಯನ ಹೆಸರನ್ನೇ ಹೊತ್ತ ಜೀವಿಯ ಪರವಾಗಿ ಒಂದೇ ಒಂದು ಮೆರವಣಿಗೆ ಹೋಗಿದ್ದನ್ನು ನಾನು ಕಂಡಿಲ್ಲ.

ಇನ್ನು ಸರ್ಕಾರದ ನಿಲುವು. ಪಶ್ಚಿಮ ಘಟ್ಟದ ಬಗ್ಗೆ 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ವರದಿ ಬಂತು, 2013ರಲ್ಲಿ ಕಸ್ತೂರಿರಂಗನ್ ಸಮಿತಿಯದ್ದು ಬಂತು. ಕೇಂದ್ರ 2024ರ ಜುಲೈ ಕೊನೆಯಲ್ಲಿ ಆರನೇ ಬಾರಿ ಕರಡು ಅಧಿಸೂಚನೆ ಹೊರಡಿಸಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮ ಎಂದು ಗುರುತಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಹಿಂದಿನ ಸರ್ಕಾರಗಳ ನಿಲುವೂ ಇದೇ ಆಗಿತ್ತು. ಪಕ್ಷ ಬದಲಾದರೂ ಈ ವಿಷಯದಲ್ಲಿ ಮಾತು ಬದಲಾಗಿಲ್ಲ. ವರದಿ ಬೇಡ ಅನ್ನೋದಾದರೆ ಅದರ ಬದಲು ಏನು ಅಂತ ಯಾರೂ ಹೇಳಿಲ್ಲ.

ಬಯಲಿನವರಿಗೆ ಇದರಲ್ಲೇನಿದೆ?

ಕಡೂರಿನ ಒಬ್ಬ ರೈತ ಕೇಳಬಹುದು: 'ಅಲ್ಲಪ್ಪಾ, ನಮ್ಮ ಬೋರ್‌ವೆಲ್ಲೇ ಬತ್ತಿದೆ, ನೀನು ಬೆಟ್ಟದ ಕಪ್ಪೆ ವಿಚಾರ ಹೇಳ್ತಿದ್ದೀಯಲ್ಲ?' ನ್ಯಾಯವಾದ ಪ್ರಶ್ನೆ. ಉತ್ತರ ಭೂಪಟದಲ್ಲಿದೆ. ಈ ಗಿರಿಸಾಲಿನಿಂದ ಪೂರ್ವಕ್ಕೆ ಇಳಿಯುವ ವೇದಾ ಸಖರಾಯಪಟ್ಟಣದ ಅಯ್ಯನಕೆರೆಗೆ ನೀರು ತರುತ್ತೆ. ಆವತಿ ಮದಗದಕೆರೆ ತುಂಬಿಸುತ್ತೆ. ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರ ಸೇರುತ್ತೆ. ಬಯಲಿನ ದೊಡ್ಡ ಕೆರೆಗಳ ತಾಯಿಬೇರು ಆ ಶೋಲಾ ಕಾಡು, ಆ ಹುಲ್ಲುಗಾವಲು. ಮಳೆಗಾಲದಲ್ಲಿ ಸ್ಪಂಜಿನಂತೆ ನೀರು ಹೀರಿ, ಬೇಸಿಗೆಯಲ್ಲಿ ಹನಿಹನಿಯಾಗಿ ಬಿಡುವ ವ್ಯವಸ್ಥೆ ಅದು.

ಇರುಳುಗಪ್ಪೆ ಬದುಕಿದೆ ಅಂದರೆ ಆ ತೊರೆಯಲ್ಲಿ ವರ್ಷವಿಡೀ ಪಸೆ ಇದೆ, ನೀರು ತಿಳಿಯಾಗಿದೆ ಅಂತ ಅರ್ಥ. ಚರ್ಮದಿಂದಲೂ ಉಸಿರಾಡುವ ಪ್ರಾಣಿ ಅದು. ನೀರಿನಲ್ಲಿ ಬೆರೆತದ್ದು ನೇರ ಅದರ ಮೈ ಸೇರುತ್ತೆ. ಮೀಟರ್ ಇಲ್ಲದೆಯೇ ನೀರು ಪರೀಕ್ಷೆ ಮಾಡುವ ಜೀವ. 2023ರ ಅಕ್ಟೋಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಜಾಗತಿಕ ಅಧ್ಯಯನ 8,011 ಉಭಯವಾಸಿ ಪ್ರಭೇದಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ. 40.7ರಷ್ಟು ಅಳಿವಿನ ಅಪಾಯದಲ್ಲಿವೆ ಅಂದಿತು. ಸಾಲಮ್ಯಾಂಡರ್‌ಗಳಲ್ಲಂತೂ ಐದರಲ್ಲಿ ಮೂರು. 2004ರ ನಂತರ ಸ್ಥಿತಿ ಹದಗೆಡಲು ಹವಾಮಾನ ಬದಲಾವಣೆ ಅತಿ ದೊಡ್ಡ ಕಾರಣ ಎಂದೂ ಹೇಳಿತು. ಬಿಸಿ ಏರಿದರೆ ತಗ್ಗಿನ ಪ್ರಾಣಿ ಮೇಲಕ್ಕೆ ಹೋಗಬಹುದು. ಬೆಟ್ಟದ ನೆತ್ತಿಯಲ್ಲೇ ಇರುವುದು ಎಲ್ಲಿಗೆ ಹೋಗಬೇಕು?

ಹಾಗಾದರೆ ಕೇಳಬೇಕಾದ್ದೇನು?

ರಾಷ್ಟ್ರೀಯ ಉದ್ಯಾನವೇ ಆಗಬೇಕು ಅಂತ ನಾನು ಹೇಳ್ತಿಲ್ಲ. ಕುದುರೆಮುಖದ ನೋವು ಮರುಕಳಿಸಬಾರದು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಲ್ಲಿ 'ಸಂರಕ್ಷಣಾ ಮೀಸಲು' ಅನ್ನೋ ನಡುದಾರಿ ಇದೆ. ಸರ್ಕಾರಿ ಭೂಮಿಯಲ್ಲಿ, ಸ್ಥಳೀಯರ ಅಭಿಪ್ರಾಯ ಕೇಳಿ ಘೋಷಿಸಬೇಕು. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳಿರಬೇಕು. ಇದು ಕಾಗದದ ಮೇಲಿನ ಮಾತಲ್ಲ. ಕಡೂರು ತಾಲೂಕಿನ ಬಾಸೂರು ಅಮೃತ್ ಮಹಲ್ ಕಾವಲು 2011ರಲ್ಲೇ ಸಂರಕ್ಷಣಾ ಮೀಸಲಾಗಿದೆ, ಏಳು ಚದರ ಕಿಲೋಮೀಟರ್ ಚಿಲ್ಲರೆ ಜಾಗ. ಕೃಷ್ಣಮೃಗಕ್ಕೆ ಬಯಲಿನಲ್ಲಿ ಆಗಿದ್ದು ಕಪ್ಪೆಗೆ ಬೆಟ್ಟದಲ್ಲಿ ಯಾಕೆ ಆಗಬಾರದು? ಗಿರಿಸಾಲಿಗೆ ಇಂಥ ಮೀಸಲು ಬೇಕೆಂಬ ಬೇಡಿಕೆ ಹೊಸದಲ್ಲ, ಅದಕ್ಕೆ ವಿರೋಧವೂ ಹೊಸದಲ್ಲ. ತೋಟದವರ ಖಾಸಗಿ ಜಮೀನು ಇದರಲ್ಲಿ ಸೇರಲ್ಲ ಅನ್ನೋದನ್ನು ಅವರ ಮುಂದೆ ಕೂತು, ನಕ್ಷೆ ಹರಡಿ, ಕನ್ನಡದಲ್ಲಿ ವಿವರಿಸುವ ಕೆಲಸ ಇಲಾಖೆಯದ್ದು.

ಇನ್ನೊಂದು ದಾರಿ ಜೀವವೈವಿಧ್ಯ ಕಾಯ್ದೆ. ಇದೇ ಜಿಲ್ಲೆಯ ಹೊಗರೇಕಾನಿನ 2,508 ಎಕರೆಯನ್ನು 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಲಾಗಿದೆ. ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಭದ್ರಾ ಕಾಡುಗಳನ್ನು ಬೆಸೆಯುವ ಜಾಗ ಅದು. ಅದೇ ಸರಣಿಯನ್ನು ಕಪ್ಪೆಯ ತೊರೆಗಳ ತನಕ ವಿಸ್ತರಿಸಿ ಅಂತ ಕೇಳಬಹುದು. ಅದೇ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ದಾಖಲಾತಿ ತೋರಿಸಿ ಅಂತ ಒಮ್ಮೆ ಕೇಳಿ ನೋಡಿ. ಇದ್ದರೆ, ಅದರಲ್ಲಿ ಕಪ್ಪೆಗಳ ಪುಟ ತೆಗೆದು ನೋಡಿ. ಗಿರಿಯ ಬುಡದ ಪಂಚಾಯಿತಿಗಳಲ್ಲಿ ದತ್ತಾತ್ರೇಯ ಇರುಳುಗಪ್ಪೆಯ ಹೆಸರು ಆ ಪುಟದಲ್ಲಿ ಇಲ್ಲದಿದ್ದರೆ, ಸೇರಿಸಿ ಅಂತ ಅರ್ಜಿ ಕೊಡಲು ಯಾವ ಡಿಗ್ರಿಯೂ ಬೇಕಿಲ್ಲ.

ನಾರಾಯಣರಾಯರ ಕಾಲದಲ್ಲಿ ಮಾದರಿಗಳು ಕಾಲೇಜಿನ ಬಾಟಲಿಯಿಂದ ಕಳೆದುಹೋದವು. ಕಪ್ಪೆಗಳು ಕಾಡಿನಲ್ಲಿದ್ದವು, ಹಾಗಾಗಿ ಮತ್ತೆ ಹೋಗಿ ಹುಡುಕುವ ಅವಕಾಶ ಇತ್ತು. ಈಗ ಮಾದರಿ, ಫೋಟೊ, ಡಿಎನ್‌ಎ ಎಲ್ಲ ಜೋಪಾನವಾಗಿವೆ. ಉಳಿಸಿಕೊಳ್ಳಬೇಕಾದ್ದು ತೊರೆ.